ಕಸದ ಗಾಡಿಯಲ್ಲಿ ರತಿ-ಕಾಮ

ನನ್ನ ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ಒಂದು ಯೂರಿಯಾ ಚೀಲವನ್ನು ದೊಪ್ಪನೆ ಇಳಿಸಿ, ಅದರ ಬಾಯಿ ಬಿಚ್ಚಿ, "ಅಕ್ಕಾರ, ಇದರಾಗ ಏನರ ಹೊಲಿಯಾಕ ಬರತೈತೇನ್ರಿ?" ಎಂದು ಕೇಳಿದವಳು ನಮ್ಮೂರ ಪಂಚಾಯ್ತಿಯ ಕಸದ ಗಾಡಿ ಓಡಿಸುವಾಕೆ. ಚೀಲದ ತುಂಬ ಕುರುಕಲು ತಿಂಡಿಯ ಪಾಕೀಟು, ಶಾಂಪೂ ಪಾಕೀಟು, ಎಣ್ಣೆ ಪಾಕೀಟು, ಹತ್ತಿ ಬೀಜದ ಪಾಕೀಟು. ನಾನು ಮದುವೆ ಬ್ಲೌಸುಗಳ ರಾಶಿಯಲ್ಲಿ ಮುಳುಗಿದ್ದೆ. ಸಿಟ್ಟು ಬೇರೆ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಅದನ್ನು ಕೆಳಗೆ ಇಳಿಸು, ನನ್ನ ರೇಷ್ಮೆ ಕುಪ್ಪಸದ ಕಣಗಳಿಗೆ ವಾಸನೆ ಹತ್ತುತ್ತದೆ ಎಂದು ಗದರಿದೆ. ಚೀಲ ಇಳಿಸಿದಳು. ತಾನು ಮಾತ್ರ ಇಳಿಯಲಿಲ್ಲ, ಅಲ್ಲೇ ಕೂತಳು.

ನಮ್ಮೂರು ಕುಂದಗೋಳ ತಾಲೂಕಿನದು, ಗುಡಗೇರಿ ಸಂತೆಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದಷ್ಟು ಹತ್ತಿರ. ಹೋಳಿ ಹುಣ್ಣಿಮೆಯಲ್ಲಿ ಬಣ್ಣದ ದಿನ ಇಲ್ಲಿ ಸೋಗಿನ ಬಂಡಿ ಹೊರಡುತ್ತದೆ. ಗಂಡಸರೇ ರತಿ, ಗಂಡಸರೇ ಕಾಮ. ಅವರ ಜೊತೆಗೆ ಒಂದು ಹುಲಿ, ಒಂದು ಮುಸಿಯಾ, ಅಂದರೆ ಕರಿಮೋತಿಯ ಕೋತಿ. ಬಂಡಿಯ ಮುಂದೆ ಹಲಗಿ ಬಾರಿಸುತ್ತ ಊರೆಲ್ಲ ಸುತ್ತಿ, ಸಂಜೆಗೆ ಚಾವಡಿಯ ಮುಂದೆ ಕಾಮಣ್ಣನನ್ನು ಸುಡುತ್ತಾರೆ. ಸೋಗಿನ ಬಟ್ಟೆ ಪ್ರತಿ ವರ್ಷ ಹುಬ್ಬಳ್ಳಿಯಿಂದ ಬಾಡಿಗೆಗೆ ಬರುತ್ತಿತ್ತು. ಈ ಸಲ ಪಂಚಾಯ್ತಿಯ ಅಧಿಕಾರಿಗೆ ಒಂದು ಹುಕಿ ಬಂದಿತ್ತು. ಒಣ ಕಸದ ಶೆಡ್ಡು ತುಂಬಿಹೋಗಿದೆ, ಒಯ್ಯಬೇಕಾದ ಲಾರಿ ಬಂದಿಲ್ಲ, ಅದರಲ್ಲೇ ಸೋಗು ಮಾಡಿ ಎಂದು ಹೋಳಿ ಕಮಿಟಿಗೆ ಹೇಳಿದ್ದರು. ಕಮಿಟಿಗೆ ಮುಂದಾಳಾದ ಹಿರಿಯರೊಬ್ಬರು ಹೂಂ ಎಂದು ಗೋಣು ಹಾಕಿ ಬಂದಿದ್ದರು. ಇದು ಆಗುವ ಹೋಗುವ ಮಾತಲ್ಲ, ಕೊನೆಗೆ ಹುಬ್ಬಳ್ಳಿ ಇದ್ದೇ ಇದೆ ಎಂಬುದು ಅವರ ಲೆಕ್ಕ. ಕೆಲಸ ಮಾತ್ರ ಗಾಡಿಯಾಕೆಯ ಕೊರಳಿಗೆ ಬಿದ್ದಿತ್ತು.

ನನಗೆ ಪುರಸೊತ್ತಿಲ್ಲ ಎಂದೆ. ಆಗ ಅವಳು ತಲೆ ತಗ್ಗಿಸಿ ಹೇಳಿದಳು: "ಯುಗಾದಿ ಆದಮ್ಯಾಲೆ ಗಾಡಿ ಬಿಡಬೇಕಂತ ನಮ್ಮತ್ತಿ ಹೇಳ್ಯಾರ್ರಿ. ಅಷ್ಟರಾಗ ಒಮ್ಮೆ ಊರ ಮಂದಿ ಈ ಕಸಾ ನೋಡಿ ಚಂದ ಐತಿ ಅನ್ನಲಿ. ಅದು ಅತ್ತಿ ಕಿವಿಗೆ ಬೀಳಲಿ. ಆಮ್ಯಾಗೂ ಬಿಡು ಅಂದ್ರ ಬಿಡತೀನಿ."

ಆ ಮನೆಯ ಸಂಗತಿ ಊರಿಗೇ ಗೊತ್ತು. ಗಂಡ ಗುಡಗೇರಿಯ ಕಾಳಿನ ಅಂಗಡಿಯಲ್ಲಿ ಹಮಾಲಿ, ತಾಯಿ-ಹೆಂಡತಿಯ ನಡುವೆ ತುಟಿ ಬಿಚ್ಚುವವನಲ್ಲ. ಇವಳು ಗಾಡಿ ಕಲಿತು ಲೈಸನ್ಸ್ ಬಂದ ದಿನ ಅತ್ತೆಯೇ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಆಮೇಲೆ ಬೀಗರ ಒಂದು ಮದುವೆ. ಇವಳು ಸಾರಿನ ಬಕೀಟು ಹಿಡಿದು ಬಡಿಸುತ್ತ ಬಂದಾಗ ಪಂಕ್ತಿಯಲ್ಲಿದ್ದ ಹೆಂಗಸೊಬ್ಬಳು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು, ಕಸದಾಕಿ ಬಡಿಸುವುದು ಬೇಡ ಎಂದಳು. ಪಕ್ಕದ ಎಲೆ ಅತ್ತೆಯದೇ. ಅವಳು ಉಣ್ಣದೆ ಎದ್ದು ಬಂದಳು. ಅಂದಿನಿಂದ ಸೊಸೆಗೆ ಗಾಡಿ ಬಿಡು ಎಂಬ ಜಪ. ಮನೆಯ ಒಣ ಕಸವನ್ನೂ ಗಾಡಿಗೆ ಹಾಕಲಿಲ್ಲ, ಹಿತ್ತಲಲ್ಲಿ ಸುಡತೊಡಗಿದಳು. ಬೆಳಿಗ್ಗೆ ಗಾಡಿ ಹಾಡು ಹಚ್ಚಿಕೊಂಡು ಓಣಿ ಓಣಿ ಬರುತ್ತದಲ್ಲ, ತನ್ನ ಮನೆ ಬಂತೆಂದರೆ ಇವಳು ಹಾಡು ಬಂದ್ ಮಾಡುತ್ತಿದ್ದಳು. ಎರಡು ಮನೆ ದಾಟಿದ ಮೇಲೆ ಮತ್ತೆ ಹಚ್ಚುತ್ತಿದ್ದಳು. ನನ್ನ ಅಂಗಡಿ ಅದೇ ಓಣಿಯ ತುದಿಯಲ್ಲಿ, ನಾನು ದಿನಾ ಕೇಳುತ್ತಿದ್ದೆ. ಹಾಡು ನಿಂತಷ್ಟು ಹೊತ್ತು ನನ್ನ ಮಷೀನಿನ ಗಾಲಿಯೂ ನಿಲ್ಲುತ್ತಿತ್ತು.

ಹಾಗಾಗಿ ಹೂಂ ಎಂದೆ. ಬ್ಲೌಸಿನವರ ಹತ್ತಿರ ಬೈಸಿಕೊಂಡದ್ದು ಬೇರೆ ಮಾತು.

ಮೊದಲ ಕೆಲಸ ತೊಳೆಯುವುದು. ಪಾಕೀಟುಗಳ ಅಂಚು ಕತ್ತರಿಸಿ ಬಿಡಿಸಿ, ಸೋಪಿನ ಪುಡಿಯ ನೀರಿನ ಡ್ರಮ್ಮಿನಲ್ಲಿ ನೆನೆಹಾಕಿದೆವು. ಎಣ್ಣೆಯ ಜಿಡ್ಡಿಗೆ ಬೂದಿ ಹಾಕಿ ತಿಕ್ಕಿದೆವು. ಹಗ್ಗಕ್ಕೆ ಒಣಹಾಕಿದರೆ ಗಾಳಿ ಬೀಸಿ ಅರ್ಧ ಪಾಕೀಟು ಓಣಿಯ ಪಾಲು. ಬೆಳಿಗ್ಗೆ ಕಸ ಗುಡಿಸಿದ ಓಣಿಯನ್ನು ಮಧ್ಯಾಹ್ನ ಅವಳೇ ಮತ್ತೆ ಬಳಿಯಬೇಕಾಯಿತು. ಹುಲಿಯ ಮೋರೆಗೆ ಬೇಕೆಂದು ನಾನು ಅಕ್ಕಪಕ್ಕದ ಹೆಂಗಸರಿಗೆ ಎಣ್ಣೆ ಡಬ್ಬಿ ತರಲು ಹೇಳಿದ್ದೆ. ನಮ್ಮ ಕಡೆ ಒಗ್ಗರಣೆಯದೂ ಎಣ್ಣೆಯೇ, ಹತ್ತಿಯ ಹುಳಕ್ಕೆ ಹೊಡೆಯುವ ವಿಷವೂ ಎಣ್ಣೆಯೇ. ಒಬ್ಬಳು ಹೊಲದ ಎಣ್ಣೆಯ ಡಬ್ಬಿಯನ್ನೇ ತೊಳೆದು ಫಳಫಳ ಮಾಡಿ ತಂದಳು. ಅದನ್ನು ಒಬ್ಬ ಮನುಷ್ಯನ ಮೂಗಿಗೆ ಕಟ್ಟುವವಳಿದ್ದೆನಲ್ಲ ಎಂದು ಆಗಲೇ ವಾಪಸು ಕಳಿಸಿದೆ. ಅವತ್ತಿನಿಂದ ಹೊಲದಿಂದ ಬಂದ ಯಾವ ಡಬ್ಬಿಯನ್ನೂ ಕಟ್ಟೆ ಹತ್ತಿಸಲಿಲ್ಲ. ಹುಲಿಯ ಮೋರೆಯನ್ನು ರಟ್ಟಿನಲ್ಲೇ ಮಾಡಿದೆ.

ಇನ್ನು ಹೊಲಿಗೆ. ಪ್ಲಾಸ್ಟಿಕ್ಕಿಗೆ ಟಾಚಣಿ ಚುಚ್ಚುವಂತಿಲ್ಲ, ತೂತು ಹಾಗೇ ಉಳಿಯುತ್ತದೆ. ಅದಕ್ಕೆ ತಲೆಗೂದಲಿನ ಕ್ಲಿಪ್ಪು ಹಾಕಿ ಹಿಡಿದೆ. ಮಷೀನಿನ ಪಾದಕ್ಕೆ ಪಾಕೀಟು ಅಂಟಿಕೊಂಡು ಮುಂದೆ ಸರಿಯದು. ಮೇಲೊಂದು ಪೇಪರಿನ ತುಂಡು ಇಟ್ಟು ಹೊಲಿದು ಆಮೇಲೆ ಪೇಪರು ಹರಿದು ತೆಗೆದೆ. ಸೂಜಿ ಕಾಯ್ದು ದಾರ ಕಡಿಯುತ್ತದೆ. ಸೂಜಿಗೆ ಆಗಾಗ ಸೋಪು ಸವರಿದೆ. ಇಷ್ಟೆಲ್ಲ ಮಾಡಿ ರತಿಯ ಸೆರಗು, ಕಾಮನ ಅಂಗಿ, ಹುಲಿಯ ಚರ್ಮ ಮುಗಿಸಿದೆ. ಕುರುಕಲು ಪಾಕೀಟಿನ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಅದನ್ನು ಹೊರಗೆ ಮಾಡಿ ಸೆರಗಿಗೆ ಹಾಕಿದ್ದೆ. ಅಗದಿ ಚಂದ ಬಂದಿತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ರತಿಯ ಸೋಗು ಹಾಕುವವನು ಹಿಟ್ಟಿನ ಗಿರಣಿಯಾತ. ಆಳು ಎತ್ತರ, ದಪ್ಪ ಮೀಸೆ. ಹೋಳಿಗೆಂದೇ ವರ್ಷಕ್ಕೊಮ್ಮೆ ಮೀಸೆ ತೆಗೆಯುವವನು. ಉಟ್ಟು ನೋಡು ಬಾ ಎಂದು ಕರೆಸಿದೆ. ಅವನು ಸೆರಗು ಹೊದ್ದು, ಸೊಂಟದ ಮೇಲೆ ಕೈಯಿಟ್ಟು, ರತಿಯ ಗತ್ತಿನಲ್ಲಿ ಒಮ್ಮೆ ಗರಕ್ಕನೆ ತಿರುಗಿದ. ಭುಜದಿಂದ ಸೊಂಟದ ತನಕ ಪರ್ರನೆ ಹರಿಯಿತು. ಹರಿದದ್ದು ಪಾಕೀಟಲ್ಲ, ನಾನು ಹೊಲಿದ ಗೆರೆ. ಕಂಡಕ್ಟರು ಟಿಕೀಟು ಹರಿದಷ್ಟು ನೀಟಾಗಿ ಬಿಟ್ಟುಕೊಂಡಿತ್ತು. ಹೊಲಿಗೆ ಗಟ್ಟಿ ಇರಲಿ ಎಂದು ನಾನು ಒತ್ತೊತ್ತಾಗಿ ಹಾಕಿದ್ದೇ ಮುಳುವಾಗಿತ್ತು. ಕಾಮನ ಅಂಗಿ ಎಳೆದು ನೋಡಿದೆ, ಅದೂ ಅದೇ ಹಾಡು. ಗಾಡಿಯಾಕೆ ನೆಲಕ್ಕೆ ಬಿದ್ದದ್ದನ್ನೆಲ್ಲ ಆರಿಸಿದಳು. ಹರಿದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೆಟ್ಟಗೆ ಮಾಡುತ್ತ ಕೂತಳು. ಅದನ್ನು ನೋಡುವುದು ನನಗೆ ಆಗಲಿಲ್ಲ.

ಒಳಗೆ ಅರಿವೆಯ ಆಸರೆ ಕೊಟ್ಟರೆ ನಿಂತೀತು ಎನ್ನಿಸಿ ಹಳೆಯ ಸೀರೆ ಕೇಳಲು ಮನೆ ಮನೆ ಹೊರಟೆ. ಅವಳ ಅತ್ತೆಯ ಮನೆಗೂ ಹೋದೆ, ಬೇಕೆಂದೇ ಹೋದೆ. ಆ ಮುದುಕಿ ಹೊಲಿಯುವಂಥ ಕೌದಿ ಸುತ್ತಮುತ್ತ ಯಾರಿಗೂ ಬರದು. ಹರಿದ ಸೀರೆಗಳನ್ನು ಪದರ ಪದರ ಇಟ್ಟು ಅವಳು ಹೊಲಿದ ಕೌದಿ ಹೊದ್ದೇ ನಮ್ಮ ಓಣಿಯ ಅರ್ಧ ಮಂದಿ ದೊಡ್ಡವರಾಗಿದ್ದಾರೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ವಿಷಯ ಕೇಳಿ ಒಳಗೆ ಹೋಗಿ ಹಳೆಯ ಇಳಕಲ್ ಸೀರೆಗಳ ಗಂಟು ತಂದು ಮುಂದೆ ಇಟ್ಟಳು.

"ಸೀರಿ ಬೇಕಾದಷ್ಟು ಒಯ್ಯಿ. ನನಗ ಮಾತ್ರ ಸೂಜಿ ಹಿಡಿ ಅನಬ್ಯಾಡ," ಎಂದಳು.

ನಾನು ಸುಮ್ಮನಿರುವವಳೇ? ಹರಿದ ಸೀರೆಯೂ ಒಂದು ಲೆಕ್ಕದಲ್ಲಿ ಕಸವೇ, ಅದು ಕೌದಿ ಆಗುವುದಾದರೆ ಪಾಕೀಟು ಯಾಕೆ ಸೆರಗು ಆಗಬಾರದು ಎಂದು ಕೇಳಿದೆ.

"ಕೌದಿ ಹೊಚಗೊಂಡು ಮಕ್ಕೋತೀವಿ. ನೀ ಪಾಕೀಟು ಹೊಚಗೊಂಡು ಮಕ್ಕೋತಿ ಏನು?"

ಗಂಟು ಎತ್ತಿಕೊಂಡು ಮೆಟ್ಟಿಲಿಳಿದೆ. ಆಗ ಹಿಂದಿನಿಂದ ಕೇಳಿದಳು, ಅಷ್ಟು ದೊಡ್ಡ ಸೆರಗು ಹೇಗೆ ಹರಿಯಿತು ಎಂದು. ಸುದ್ದಿ ಆಗಲೇ ಮುಟ್ಟಿತ್ತು. ಹೇಳಿದೆ. ಜೋಳದ ಮೊರದಿಂದ ಕಣ್ಣೆತ್ತದೆ ಬೈದಳು: "ಒತ್ತೊತ್ತಿ ತೂತು ಹಾಕಿದ್ರ ಯಾವುದರ ನಿಂದರತೈತೇನ? ಮಷೀನ ಬಾಜೂಕ ಇಡು. ಕೌದಿ ಹೊಲಿಗಿ ಹಾಕು, ಉದ್ದಕ, ಸಡ್ಲಕ. ಅಂಚಿನಿಂದ ಸುರು ಮಾಡಿ ನಡಕ ಬಾ."

ಸೂಜಿ ಹಿಡಿಯಲಾರೆ ಎಂದವಳ ನಾಲಗೆ ಹೊಲಿಗೆಯ ಸುದ್ದಿಗೆ ಸುಮ್ಮನಿರಲಾರದೆ ಹೋಯಿತು. ನಾನು ನಗು ತಡೆದುಕೊಂಡು ಅಂಗಡಿಗೆ ಬಂದೆ.

ಮಷೀನು ಮುಚ್ಚಿಟ್ಟೆ. ನಮ್ಮ ಮಹಿಳಾ ಸಂಘದ ನಾಲ್ಕಾರು ಹೆಂಗಸರನ್ನು ಕೂಡಿಸಿ, ಸೀರೆಯ ಎರಡು ಪದರದ ಮೇಲೆ ಪಾಕೀಟುಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಏರಿಸಿ, ಮೇಲಿನ ಅಂಚಿಗಷ್ಟೇ ಕೈಹೊಲಿಗೆ ಹಾಕಿದೆವು. ಭಾರವೆಲ್ಲ ಸೀರೆಗೆ, ಮೆರುಗಷ್ಟೇ ಪಾಕೀಟಿನದು. ಸೀರೆ ಬೆವರನ್ನೂ ಹೀರಿತು. ಕಂಕುಳಲ್ಲಿ ತೆರವು ಬಿಟ್ಟೆವು, ಇಲ್ಲವಾದರೆ ಫಾಲ್ಗುಣದ ಬಿಸಿಲಿಗೆ ಒಳಗಿನ ಮನುಷ್ಯ ಬೆಂದೇ ಹೋಗುತ್ತಾನೆ. ಗೊಬ್ಬರದ ಚೀಲಗಳ ಎಳೆ ಬಿಚ್ಚಿ ಜೂಲು ಮಾಡಿ ಮುಸಿಯಾನ ಮೈಗೆ ಕಟ್ಟಿದೆವು. ಹುಲಿಯ ಪಟ್ಟೆಗೆ ಸೈಕಲ್ಲಿನ ಹಳೆ ಟ್ಯೂಬು. ಗಿರಣಿಯಾತ ಬಂದು ಮತ್ತೆ ಗರಕ್ಕನೆ ತಿರುಗಿದ, ಈ ಸಲ ಬೇಕೆಂದೇ ಜೋರಾಗಿ. ಸೆರಗು ಬಿಚ್ಚಿಕೊಂಡು ಸುತ್ತು ಹಾಕಿ ಅವನ ತೋಳಿನ ಮೇಲೆ ಕೂತಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಗಾಡಿಯಾಕೆ ಮುಖ ಮುಚ್ಚಿಕೊಂಡು ನಕ್ಕಳು.

ಹೋಳಿ ಹತ್ತಿರ ಬಂದಾಗ ಕಮಿಟಿಯ ಹಿರಿಯರು ಸೋಗನ್ನು ಬಂಡಿ ಹತ್ತಿಸಿ ನೋಡೋಣ ಎಂದರು. ಬಂಡಿಯೂ ಎತ್ತೂ ಅವರವೇ. ವರ್ಷವರ್ಷವೂ ಹೋಳಿಗೆ ನಡೆದು ಹಲಗಿ ಸಪ್ಪಳಕ್ಕೆ ಕಿವಿ ಸಹ ಅಲ್ಲಾಡಿಸದ ಎತ್ತುಗಳು. ಬೆಳಿಗ್ಗೆ ಚಾವಡಿಯ ಮುಂದೆ ನಾಲ್ವರೂ ಉಟ್ಟು ಬಂಡಿ ಹತ್ತಿದರು. ಹಲಗಿ ಶುರುವಾಯಿತು. ಎತ್ತು ಆರಾಮ ನಿಂತಿದ್ದವು. ಆಗ ಒಂದು ಗಾಳಿ ಬೀಸಿತು ನೋಡಿ, ನಾಲ್ಕೂ ಮೈಗಳ ಪಾಕೀಟು ಒಟ್ಟಿಗೆ ಚರಚರ ಎಂದವು. ಎತ್ತುಗಳು ಹಿಂದಿರುಗಿ ನೋಡಿದವು, ಹುಲಿ ಕಂಡಿತು. ಮುಂದಿನದು ಕೇಳಬೇಡಿ. ಬಂಡಿ ಹಳ್ಳದ ಕಡೆ ದೌಡಾಯಿಸಿತು. ರತಿ ತಿಪ್ಪೆಯ ಮೇಲೆ ಹಾರಿಕೊಂಡಳು. ಹುಲಿ ಅಂಜಿಕೆಯಿಂದ ಅವ್ವನನ್ನು ಕೂಗಿತು. ಮುಸಿಯಾ ಗೂಟ ಹಿಡಿದು ಜೋತುಬಿದ್ದ. ಎತ್ತುಗಳನ್ನು ಹಿಡಿದು ತರುವಷ್ಟರಲ್ಲಿ ಬಂಡಿಯ ನೊಗ ಸೀಳಿತ್ತು. ಪುಣ್ಯಕ್ಕೆ ತರಚಿದ ಗಾಯ, ಮುಸಿಯಾನ ಒಂದು ಉಳುಕಿದ ಕಾಲು, ಇಷ್ಟಕ್ಕೇ ಮುಗಿಯಿತು.

ಹಿರಿಯರು ಎತ್ತಿನ ಮೈ ಸವರುತ್ತ, "ಮೂಕ ಜೀವಕ್ಕೂ ತಿಳೀತು ಇದು ಕಸಾ ಅಂತ. ಹುಬ್ಬಳ್ಳಿಗೆ ಫೋನ್ ಹಚ್ಚರಿ," ಎಂದರು.

ಗಾಡಿಯಾಕೆ ಅಲ್ಲೇ ಇದ್ದಳು. ನಾಲ್ಕು ಜನರ ಮುಂದೆ ಅತ್ತರೆ ನಾನು ಎಲ್ಲಿ ಬೈಯುತ್ತೇನೋ ಎಂದು ತುಟಿ ಕಚ್ಚಿಕೊಂಡು, ದಾರಿಯುದ್ದ ಉದುರಿದ ಪಾಕೀಟುಗಳನ್ನು ಆರಿಸಿ ಗಾಡಿಗೆ ಹಾಕತೊಡಗಿದಳು. ಕಾಲು ಉಳುಕಿದ ಮುಸಿಯಾನನ್ನೂ ಕರೆತಂದು ಗಾಡಿಯ ಹಿಂದಿನ ಡಬ್ಬದಲ್ಲಿ ನಿಲ್ಲಿಸಿಕೊಂಡಳು. ಹೊಸ ಹಸಿರು ಬಣ್ಣದ ಸಣ್ಣ ಗಾಡಿ. ಅದರಲ್ಲಿ ಜೂಲು ಜೂಲಿನ ಮುಸಿಯಾ ಸರಳು ಹಿಡಿದು ನಿಂತು ಓಣಿಯ ಮೂಲೆ ತಿರುಗಿ ಹೋದ. ಇಬ್ಬರು ಮೂವರು ಕಟ್ಟೆಯಿಂದ ಎದ್ದು ನಿಂತು ನೋಡಿದರು. ನಾನೂ ನೋಡಿದೆ. ಗಾಡಿ ಬೆದರುವುದಿಲ್ಲ. ಟ್ರ್ಯಾಕ್ಟರ್ ತಿರುಗದ ಓಣಿಗಳಲ್ಲಿ ಅದು ದಿನಾ ತಿರುಗುತ್ತದೆ. ಛೇ, ಇಷ್ಟು ದಿನ ಕಣ್ಣ ಮುಂದೆಯೇ ಇತ್ತಲ್ಲ ಎಂದು ಹಣೆ ಬಡಿದುಕೊಂಡೆ.

ಹುಬ್ಬಳ್ಳಿಗೆ ಫೋನು ಹೋಗುವ ಮೊದಲೇ ಹಿರಿಯರ ಮನೆಗೆ ಹೋದೆ. ಚಹಾ ಕುಡಿಯುತ್ತಿದ್ದರು. ಸೋಗನ್ನು ಕಸದ ಗಾಡಿಯಲ್ಲೇ ನಿಲ್ಲಿಸೋಣ ಎಂದೆ. ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ ಹಾಗೇ ಉಳಿಯಿತು. ರತಿ-ಕಾಮರನ್ನು ಕಸದ ಗಾಡಿಯಲ್ಲಿ ಮೆರೆಸಿದರೆ ಸುತ್ತಲಿನ ಊರಿನವರು ಏನೆಂದಾರು ಎಂದರು. ಅದರಲ್ಲೂ ಬಣ್ಣದ ದಿನ ಹೆಂಗಸರು ಬಾಗಿಲು ಹಾಕಿಕೊಂಡು ಒಳಗಿರುವ ಊರು ನಮ್ಮದು, ಹೆಣ್ಣುಮಗಳು ಗಾಡಿ ಓಡಿಸುತ್ತ ಮುಂದೆ ಬರುವುದೆಂದರೆ ಏನು ಎಂದರು.

"ಕಾಕಾರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಾಮಣ್ಣಗ ಏನ ಹಾಕಿ ಸುಡತೀರಿ? ಕದ್ದ ಶಗಣಿ ಕುಳ್ಳು, ಮುರದ ಹೊರಸು, ಹರದ ಚಾಪಿ, ಸವದ ಕಸಬರಗಿ. ಊರ ಕಸಾನ ಅಲ್ಲೇನ್ರಿ ಅದು? ವರ್ಷಾ ನೀವ ಮುಂದ ನಿಂತು ಕೂಡಸ್ತೀರಿ. ಆಕಿ ದಿನಾ ಕೂಡಸ್ತಾಳ, ಅಷ್ಟ."

ಅವರು ಆರಿದ ಚಹಾ ಕುಡಿದರು. ಆಮೇಲೆ ಗಾಡಿಯನ್ನು ತೊಳೆದು ಪೂಜೆ ಮಾಡಬೇಕು, ಮತ್ತೆ ಬೇರೆ ಯಾರಾದರೂ ಗಂಡಸು ಓಡಿಸಲಿ ಎಂದರು. ಮೊದಲನೆಯದಕ್ಕೆ ಒಪ್ಪಿದೆ. ಎರಡನೆಯದಕ್ಕೆ, ಗಾಡಿ ಪಂಚಾಯ್ತಿಯದು, ಓಡಿಸುವ ಹಕ್ಕು ಅವಳದು, ನಮ್ಮೂರ ಯಾವ ಮೂಲೆಯಲ್ಲಿ ಹೇಗೆ ಗಾಡಿ ಹೊರಳಿಸಬೇಕೆಂದು ಬೇರೆಯವರಿಗೆ ಗೊತ್ತೂ ಇಲ್ಲ, ಈ ಸಲ ಯಾರ ಗೋಡೆ ಬೀಳಬೇಕು ನೀವೇ ಹೇಳಿ ಎಂದೆ. ನಿನ್ನ ಬಾಯಿಗೆ ಆ ಕಾಮಣ್ಣನೂ ಅಂಜಬೇಕು ಎಂದು ಅವರು ನಕ್ಕುಬಿಟ್ಟರು. ನನ್ನದೂ ಒಂದು ಕರಾರು ಇತ್ತು: ಪಾಕೀಟು ಉಟ್ಟ ಯಾರೂ ಬೆಂಕಿಯ ಹತ್ತಿರ ಸುಳಿಯಬಾರದು, ಚಾವಡಿ ಬರುವ ಮೊದಲೇ ಸೋಗು ಬಿಚ್ಚಬೇಕು. ಅದಕ್ಕೆ ಅವರೇ ಕಾವಲು ನಿಲ್ಲುತ್ತೇನೆ ಎಂದರು.

ಬಣ್ಣದ ದಿನ ಬಂತು. ಗಾಡಿಗೆ ಕುಂಕುಮ, ಬೇವಿನ ಎಲೆ, ಮುಂದಿನ ಗಾಜಿನ ಕೆಳಗೆ ಮಿಕ್ಕ ಪಾಕೀಟಿನಲ್ಲಿ ನಾವು ಹೊಲಿದ ಬೆಳ್ಳಿಯ ಮೈಯ ಕೌದಿ. ಹಿಂದೆ ರತಿ, ಕಾಮ. ಅಕ್ಕಪಕ್ಕ ನಡೆಯುತ್ತ ಹುಲಿ, ಕುಂಟುತ್ತ ಮುಸಿಯಾ. ಗಾಡಿಯಾಕೆ ಹೊಸ ಸೀರೆಯ ಮೇಲೆ ಪಂಚಾಯ್ತಿಯ ಅಂಗಿ ತೊಟ್ಟು ಕೂತಿದ್ದಳು. ನಾನು ಸೂಜಿ ದಾರ ಹಿಡಿದು ಪಕ್ಕದ ಸೀಟಿನಲ್ಲಿ, ಎಲ್ಲಿ ಏನು ಬಿಚ್ಚಿಕೊಳ್ಳುತ್ತದೋ ಎಂದು. ಬಣ್ಣದ ನೀರು ಸೆರಗಿನ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು, ಬೆಳ್ಳಿ ಬೆಳ್ಳಿಯಾಗೇ ಉಳಿಯಿತು. ಎಷ್ಟು ಎರಚಿದರೂ ಹತ್ತುವುದಿಲ್ಲವಲ್ಲ ಎಂದು ಹುಡುಗರಿಗೆ ಹಠ ಬಂತು. ನಗೆ, ಸಿಳ್ಳೆ, ಬೊಬ್ಬೆ. ಚಂದ ಐತಿ ಎಂಬ ಮಾತನ್ನು ನಾನೇ ನನ್ನ ಕಿವಿಯಲ್ಲಿ ಕೇಳಿದೆ. ಅವಳೂ ಕೇಳಿದಳು. ಆದರೆ ಬಾಗಿಲುಗಳು ಮುಚ್ಚಿದ್ದವು. ಕೇಳಬೇಕಾದವಳು ಒಳಗಿದ್ದಳು.

ನಮ್ಮ ಓಣಿ ಹೊಗುವಾಗ ಹಲಗಿಗಳು ನಿಂತವು. ನೀರು ಬಿದ್ದು ಚರ್ಮ ಸಡಿಲಾಗಿ ಬಡಿದರೆ ದಬ್ ದಬ್ ಎನ್ನುತ್ತಿತ್ತು. ಬಾರಿಸುವವರು ಮೂಲೆಯಲ್ಲಿ ಜೋಳದ ಒಣ ಸೊಪ್ಪೆಗೆ ಬೆಂಕಿ ಹಚ್ಚಿ ಕಾಯಿಸಲು ಕೂತರು. ಬೆಂಕಿ ಕಂಡದ್ದೇ ನಾನು ಗಾಡಿಯನ್ನು ದೂರ ಮುಂದಕ್ಕೆ ಓಡಿಸು ಎಂದೆ. ಸದ್ದೇ ಇಲ್ಲದ ಓಣಿ. ಗಾಡಿ ಹೊರಟಿತು. ಅವಳ ಕೈ ರೂಢಿಯಂತೆ ತಾನೇ ಹೋಗಿ ಗುಂಡಿ ಒತ್ತಿತು. ಕಸದ ಹಾಡು ಶುರುವಾಯಿತು.

ಮುಂದೆ ಆದದ್ದಕ್ಕೆ ನಾನು ಈಗಲೂ ಒಬ್ಬಳೇ ಕೂತು ನಗುತ್ತೇನೆ. ಹಾಡು ಕೇಳಿದ್ದೇ ತಡ, ಬಾಗಿಲುಗಳು ಒಂದೊಂದಾಗಿ ತೆರೆದವು. ಬಣ್ಣದ ದಿನ ಹೊರಗೆ ಇಣುಕದ ಹೆಂಗಸರು ಬಕೀಟು ಹಿಡಿದು, ಚೀಲ ಹಿಡಿದು ಹೊಸ್ತಿಲು ದಾಟಿ ಬಂದರು. ನೋಡಿದರೆ ಗಾಡಿಯಲ್ಲಿ ರತಿ. ಒಬ್ಬಳು ಬಕೀಟು ಅಲ್ಲೇ ಬಿಟ್ಟು ಬಾಯಿಗೆ ಸೆರಗು ಹಚ್ಚಿದಳು. ಮತ್ತೊಬ್ಬಳು, ಇದು ನಮ್ಮನೆಯ ಶಾಂಪೂ ಪಾಕೀಟು, ನೋಡೇ ಎಂದು ರತಿಯ ಸೊಂಟಕ್ಕೆ ಬೆರಳು ಮಾಡಿದಳು. ಗಿರಣಿಯಾತ ನಾಚಿ ಸೆರಗು ತಲೆಯ ಮೇಲೆ ಎಳೆದುಕೊಂಡ. ಯಾರೂ ಒಳಗೆ ಹೋಗಲಿಲ್ಲ. ಗಾಡಿಯ ಹಿಂದೆ ಬಕೀಟು ಹಿಡಿದೇ ನಡೆದು ಬಂದರು.

ಅವಳ ಮನೆ ಬಂತು. ಬಾಗಿಲು ಮುಚ್ಚಿತ್ತು. ಅವಳ ಕೈ ಮತ್ತೆ ಗುಂಡಿಯ ಕಡೆ ಹೋಯಿತು, ದಿನದ ಹಾಗೆ. ಹಾಡು ನಿಂತಿತು. ನಾನು ಅವಳ ಮುಖ ನೋಡಲಿಲ್ಲ, ನನ್ನ ಕೈಯ ದಾರದ ಉಂಡೆ ನೋಡಿದೆ.

ಬಾಗಿಲು ತೆರೆಯಿತು. ಅತ್ತೆ ಕಂಕುಳಲ್ಲಿ ಒಂದು ಚೀಲ ಅವುಚಿಕೊಂಡು ಮೆಟ್ಟಿಲಿಳಿದು ಬಂದಳು. ಮೊದಲು ರತಿಯ ಸೆರಗಿನ ಅಂಚು ಮಗುಚಿ, ಒಳಗಿದ್ದ ತನ್ನ ಇಳಕಲ್ ಸೀರೆಯನ್ನೂ ಅದರ ಮೇಲಿನ ಹೊಲಿಗೆಯನ್ನೂ ಬೆರಳಾಡಿಸಿ ನೋಡಿದಳು. ಆಮೇಲೆ ಗಾಡಿಯ ಮುಂದೆ ಬಂದು, ಓಣಿಯ ಮಂದಿಗೆಲ್ಲ ಕೇಳುವಂತೆ ಸೊಸೆಗೆ ಹೇಳಿದಳು:

"ಯಾಕ ಬಂದ್ ಮಾಡಿದಿ ಹಾಡು? ಮತ್ತ ಹಚ್ಚು. ನಮ್ಮನೀದೂ ಐತಿ."

ಸೊಸೆ ಇಳಿದು ಎರಡೂ ಕೈಯಲ್ಲಿ ಚೀಲ ಇಸಿದುಕೊಂಡಳು. ಅವಳ ಕಣ್ಣು ಕಾಣದಷ್ಟು ನೀರು ತುಂಬಿತ್ತು. ಹಾಗಾಗಿ ಚೀಲದ ಬಾಯಿ ಬಿಚ್ಚಿ ನೋಡಿದವಳು ನಾನು. ಎಣ್ಣೆ ಪಾಕೀಟು, ಸೋಪಿನ ಪಾಕೀಟು, ಚಹಾಪುಡಿಯ ಪಾಕೀಟು, ಹಿತ್ತಲ ಬೆಂಕಿಗೆ ಹಾಕದೆ, ಅಂಚು ಕತ್ತರಿಸಿ, ತೊಳೆದು, ಒಣಗಿಸಿ, ಮಡಚಿ ಇಟ್ಟದ್ದು. ಅದು ಒಂದೆರಡು ದಿನದಲ್ಲಿ ಕೂಡಿದ್ದಲ್ಲ.